ಓದುಗರ ಪ್ರಶ್ನೆ, ನಮ್ಮ ಉತ್ತರ: ಸೊಪ್ಪಿನ ಮಂಕರಿ, ಕೂರುವ ಜಾಗ, ದಿನದ ಲೆಕ್ಕ

ಪೇಟೆ ಬೀದಿಯಲ್ಲಿ ಸೊಪ್ಪು, ತರಕಾರಿ ಮಾರುವ ಹಿರಿಯರ ಬಗ್ಗೆ ಪ್ರಶ್ನೆಗಳಿದ್ದರೆ ಕಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಬಹಳಷ್ಟನ್ನು ಬರೆದವರು ಮಾರುವವರ ಮಕ್ಕಳು, ಸೊಸೆಯಂದಿರು. ಒಂದೇ ವಿಷಯದ ಪತ್ರಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ನಮ್ಮ ತಾಯಿಗೆ 68 ವರ್ಷ. ಕೋಲಾರದ ಪೇಟೆ ಬೀದಿಯಲ್ಲಿ ಒಂದೇ ಜಾಗದಲ್ಲಿ ಸೊಪ್ಪು ಮಾರುತ್ತಾ ಬಂದಿದ್ದಾರೆ. ಅವರ ಅತ್ತೆಯೂ ಅಲ್ಲೇ ಕೂರುತ್ತಿದ್ದರು. ಈಗ ರಸ್ತೆ ಅಗಲ ಮಾಡುತ್ತಾರೆ, ಹೊಸ ಕಟ್ಟಡಕ್ಕೆ ಹೋಗಬೇಕು ಅಂತ ಸುದ್ದಿ. ಅಮ್ಮನ ಹತ್ತಿರ ಒಂದು ಕಾಗದವೂ ಇಲ್ಲ. ಏನು ಮಾಡಬಹುದು?

ಸೊಪ್ಪು ಮಾರುವವರಿಗೆ ಕೂರುವ ಜಾಗವೇ ಬಂಡವಾಳ. ಸೊಪ್ಪು ಕೊಳ್ಳುವವರು ಅಂಗಡಿ ಹುಡುಕಿಕೊಂಡು ಹೋಗುವುದಿಲ್ಲ, ಬಸ್ಸಿಳಿದು ಮನೆಗೆ ನಡೆಯುವ ದಾರಿಯಲ್ಲಿ ಬಗ್ಗಿ ಎರಡು ಕಟ್ಟು ಎತ್ತಿಕೊಳ್ಳುತ್ತಾರೆ. ಆ ದಾರಿಯಿಂದ ನೂರು ಹೆಜ್ಜೆ ಒಳಗೆ, ಅದರಲ್ಲೂ ಮೆಟ್ಟಿಲು ಹತ್ತುವ ಕಡೆ ಕೂರಿಸಿದರೆ ವ್ಯಾಪಾರ ಕುಸಿಯುತ್ತದೆ. ಹಾಗಾಗಿ ಜಾಗ ಉಳಿಸಿಕೊಳ್ಳುವ ಪ್ರಯತ್ನ ಮೊದಲು, ಹೊಸ ಜಾಗದ ಮಾತು ಆಮೇಲೆ.

ನಿಮ್ಮ ಕೈಯಲ್ಲಿರುವ ಆಧಾರ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ. ಅದರ 3ನೇ ಕಲಮಿನ ಪ್ರಕಾರ, ಊರಿನ ಬೀದಿ ವ್ಯಾಪಾರಿಗಳ ಸಮೀಕ್ಷೆ ಮುಗಿದು ಎಲ್ಲರಿಗೂ ವ್ಯಾಪಾರ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಸಮೀಕ್ಷೆ 5 ವರ್ಷಕ್ಕೊಮ್ಮೆಯಾದರೂ ಆಗಬೇಕು. ಪ್ರಮಾಣಪತ್ರ ಸಿಕ್ಕ ಮೇಲೂ ಸ್ಥಳಾಂತರ ಮಾಡಬೇಕೆಂದರೆ 30 ದಿನ ಮುಂಚೆ ನೋಟಿಸ್ ಕೊಡಬೇಕು. ಧ್ವನಿವರ್ಧಕದಲ್ಲಿ ಕೂಗಿ ಹೋದರೆ ಅದು ನೋಟಿಸ್ ಅಲ್ಲ.

ಇನ್ನೊಂದು ಅಂಶ ಬಹಳ ಜನಕ್ಕೆ ಗೊತ್ತಿಲ್ಲ. ಮಾರುವವರೂ ಕೊಳ್ಳುವವರೂ ರೂಢಿಯಿಂದ ಬಂದು ಸೇರುವ ಜಾಗಕ್ಕೆ ಈ ಕಾಯ್ದೆ ‘ಸಹಜ ಮಾರುಕಟ್ಟೆ’ ಎಂಬ ಮಾನ್ಯತೆ ಕೊಡುತ್ತದೆ. ಅಲ್ಲಿ 50 ವರ್ಷಕ್ಕಿಂತ ಹೆಚ್ಚು ಕಾಲದಿಂದ ವ್ಯಾಪಾರ ನಡೆದಿದ್ದರೆ ಅದನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿಯವರನ್ನು ಸ್ಥಳಾಂತರಿಸಬಾರದು ಎಂದು ಕಾಯ್ದೆಯ ಎರಡನೇ ಅನುಸೂಚಿ ಹೇಳುತ್ತದೆ. ನಿಮ್ಮ ಅಜ್ಜಿಯ ಕಾಲದ ವ್ಯಾಪಾರ ಇಲ್ಲಿ ತೂಕಕ್ಕೆ ಬರುತ್ತದೆ. ಆದರೆ ಒಬ್ಬರೇ ಕೇಳಿದರೆ ಕೆಲಸ ಆಗದು, ಸಾಲಿನಲ್ಲಿ ಕೂರುವವರೆಲ್ಲ ಸೇರಿ ಅರ್ಜಿ ಕೊಡಬೇಕು.

ಅರ್ಜಿ ಕೊಡಬೇಕಾದದ್ದು ಪಟ್ಟಣ ವ್ಯಾಪಾರ ಸಮಿತಿಗೆ. ಕೋಲಾರದಂಥ ನಗರಸಭೆಯಲ್ಲಿ ಪೌರಾಯುಕ್ತರೇ ಅದರ ಅಧ್ಯಕ್ಷರು. ಸದಸ್ಯರಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿ ಕಳಿಸಿದವರಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ನಿಮ್ಮ ಸಾಲಿನಿಂದ ಸಮಿತಿಯಲ್ಲಿ ಯಾರಿದ್ದಾರೆ ಎಂದು ಮೊದಲು ವಿಚಾರಿಸಿ.

ಕಾಗದ ಇಲ್ಲ ಎಂದಿದ್ದೀರಿ. ಮನೆಯಲ್ಲಿ ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ. ನೆಲವಳಿ, ಅಂದರೆ ಕೂರುವ ಜಾಗದ ಸುಂಕ ಕಟ್ಟಿದ ಚೀಟಿ ದೊಡ್ಡ ಸಾಕ್ಷಿ, ಹಳೆಯದಾದಷ್ಟೂ ಒಳ್ಳೆಯದು. ದಂಡ ಕಟ್ಟಿದ ರಸೀದಿಯನ್ನು ಅವಮಾನ ಎಂದು ಹರಿದು ಹಾಕುತ್ತಾರೆ, ಹಾಕಬೇಡಿ. ಆ ತಾರೀಕಿನಲ್ಲಿ ಆ ಜಾಗದಲ್ಲಿ ಕೂತಿದ್ದರು ಅನ್ನುವುದನ್ನು ಅದು ಸರ್ಕಾರಿ ಮೊಹರಿನ ಸಮೇತ ಹೇಳುತ್ತದೆ. ಮಂಡಿಯ ಬಿಲ್ಲು, ಹಬ್ಬದ ದಿನ ಯಾರೋ ತೆಗೆದ ಫೋಟೊ, ಪಕ್ಕದ ಅಂಗಡಿಯವರ ಬರಹ, ಎಲ್ಲವನ್ನೂ ಜೋಡಿಸಿ. ಆಮೇಲೆ ನಾಲ್ಕು ಫೋಟೊ ತೆಗೆಯಿರಿ: ಅಮ್ಮ, ಮಂಕರಿ, ಹಿಂದಿನ ಅಂಗಡಿಯ ಬೋರ್ಡು ಒಂದೇ ಚೌಕಟ್ಟಿನಲ್ಲಿ ಬರಲಿ. ಬರೀ ಮುಖದ ಫೋಟೊದಿಂದ ಜಾಗ ತಿಳಿಯುವುದಿಲ್ಲ.

ಸಮೀಕ್ಷೆಗೆ ಬಂದವರು ಬರೆದುಕೊಳ್ಳುವಾಗ ಮಗ್ಗುಲಲ್ಲೇ ನಿಂತು ನೋಡಿ. ಪ್ರಮಾಣಪತ್ರದಲ್ಲಿ ಒಂದೇ ಕಡೆ ಕೂರುವವರು, ತಿರುಗಾಡಿ ಮಾರುವವರು ಎಂಬ ವರ್ಗಗಳಿವೆ. ಮಂಕರಿ ಕಂಡ ಕೂಡಲೇ ತಿರುಗಾಡುವವರು ಎಂದು ಬರೆದುಬಿಟ್ಟರೆ ನಿಮ್ಮ ತಾಯಿಗೆ ಗೊತ್ತಾದ ಜಾಗದ ಹಕ್ಕೇ ಇರುವುದಿಲ್ಲ. ತಪ್ಪು ಆಗುವುದು ಹೆಚ್ಚಾಗಿ ಇಲ್ಲೇ.

ವಯಸ್ಸಾದವರ ವಿಚಾರದಲ್ಲಿ ಇನ್ನೆರಡು ಮಾತು. ಪ್ರಮಾಣಪತ್ರ ಇದ್ದವರ ಪರವಾಗಿ ಮನೆಯವರು ಕೂತು ಮಾರಬಹುದು. ಅವರು ಕಾಯಿಲೆ ಬಿದ್ದರೆ, ತೀರಿಕೊಂಡರೆ ಗಂಡ ಅಥವಾ ಹೆಂಡತಿ, ಇಲ್ಲದಿದ್ದರೆ ಅವರನ್ನೇ ನಂಬಿದ ಮಕ್ಕಳು ಪ್ರಮಾಣಪತ್ರದ ಅವಧಿ ಮುಗಿಯುವ ತನಕ ಅದೇ ಜಾಗದಲ್ಲಿ ಮುಂದುವರಿಯಬಹುದು. ಆದರೆ ಹೊರಗಿನವರಿಗೆ ದಿನಬಾಡಿಗೆಗೆ ಬಿಟ್ಟುಕೊಡುವ ಹಾಗಿಲ್ಲ, ಕೊಟ್ಟರೆ ಪ್ರಮಾಣಪತ್ರ ರದ್ದಾಗಬಹುದು.

ಮಾಲು ಎತ್ತಿಕೊಂಡು ಹೋದರೆ ಏನೇನು ಎತ್ತಿದರು ಎನ್ನುವ ಪಟ್ಟಿ ಬರೆದು, ಸಹಿ ಹಾಕಿ ಕೊಡಬೇಕು. ನೀವು ಹೋಗಿ ಕೇಳಿದ ದಿನವೇ ಸೊಪ್ಪು, ಹಣ್ಣಿನಂಥ ಕೆಡುವ ಮಾಲನ್ನು ಬಿಡಬೇಕು. ತಕ್ಕಡಿ, ಗಾಡಿಯಂಥವನ್ನು 2 ಕೆಲಸದ ದಿನದೊಳಗೆ ಬಿಡಬೇಕು. ಪಟ್ಟಿ ಕೇಳುವುದನ್ನು ಮಾತ್ರ ಮರೆಯಬೇಡಿ. ಪಟ್ಟಿ ಇಲ್ಲದಿದ್ದರೆ 60 ಕಟ್ಟು ಹೋದದ್ದು 20 ಆಗುತ್ತದೆ.

ಬಂಗಾರಪೇಟೆ ರೈಲು ನಿಲ್ದಾಣದ ಬಾಗಿಲ ಬಳಿ ಕೂರುವವರಿಗೂ ಇದೇ ಕಾಯ್ದೆ ಅನ್ವಯಿಸುತ್ತದೆಯೇ?

ಇಲ್ಲ. ರೈಲ್ವೆಗೆ ಸೇರಿದ ಜಾಗ, ಕಟ್ಟಡ, ಗಾಡಿಗಳನ್ನು ಕಾಯ್ದೆ ಹೊರಗಿಟ್ಟಿದೆ. ನಿಲ್ದಾಣದ ಆವರಣ ಎಲ್ಲಿಗೆ ಮುಗಿಯುತ್ತದೆ, ಪುರಸಭೆಯ ರಸ್ತೆ ಎಲ್ಲಿಂದ ಶುರು ಎನ್ನುವುದನ್ನು ತಿಳಿದುಕೊಂಡು ಗಡಿಯ ಈಚೆ ಕೂರುವುದು ಕ್ಷೇಮ. ಸಮೀಕ್ಷೆಯಲ್ಲೂ ಈಚೆಯ ಜಾಗವನ್ನೇ ಬರೆಸಿ.

ಬೆಳಿಗ್ಗೆ ಹರಾಜಿನಲ್ಲಿ ತಂದ ಕೊತ್ತಂಬರಿ, ಮೆಂತ್ಯ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ. ಎಷ್ಟು ನೀರು ಚಿಮುಕಿಸಿದರೂ ಒಳಗಡೆ ಕೊಳೆತು ಲೋಳೆ ಬರುತ್ತದೆ. ನಮ್ಮ ಅಜ್ಜಿ ದಿನಕ್ಕೆ 15–20 ಕಟ್ಟು ಬಿಸಾಡುತ್ತಾರೆ. ಉಪಾಯ ಇದೆಯೇ? (ಚಿಂತಾಮಣಿ)

ನೀರು ಚಿಮುಕಿಸುವುದೇ ಅರ್ಧ ಕಾರಣ. ಕಿತ್ತ ಸೊಪ್ಪು ಉಸಿರಾಡುತ್ತಲೇ ಇರುತ್ತದೆ, ಅದರಿಂದ ಶಾಖ ಹುಟ್ಟುತ್ತದೆ. ಬಿಗಿಯಾಗಿ ಕಟ್ಟಿದ ಕಂತೆಯ ನಡುವೆ ಗಾಳಿ ಆಡದೆ ಆ ಶಾಖ ಅಲ್ಲೇ ಉಳಿಯುತ್ತದೆ. ಮೇಲಿಂದ ಹಾಕಿದ ನೀರು ಒಳಗಿಳಿದು ನಿಂತರೆ ಬಿಸಿಯೂ ಒದ್ದೆಯೂ ಸೇರಿ ಕೊಳೆರೋಗದ ಬ್ಯಾಕ್ಟೀರಿಯಾಕ್ಕೆ ಹಬ್ಬ. ಹೊರಗಿನ ಎಲೆ ಮಾತ್ರ ಬಿಸಿಲಿಗೆ ಒಣಗಿ ಬಾಡುತ್ತದೆ. ಹೊರಗೆ ಒಣಗುವುದು, ಒಳಗೆ ಕೊಳೆಯುವುದು, ಎರಡಕ್ಕೂ ಬೇರೆ ಬೇರೆ ಮದ್ದು.

ಕೊಳ್ಳುವಾಗಲೇ ಕೈ ಒಳಗಿಟ್ಟು ನೋಡಿ. ಕಂತೆಯ ನಡುವೆ ಬೆರಳು ತೂರಿಸಿದಾಗ ಬೆಚ್ಚಗಿದ್ದರೆ ಅದು ಹಿಂದಿನ ಮಧ್ಯಾಹ್ನವೇ ಕಿತ್ತು ಮೂಟೆಯಲ್ಲಿ ಬೆಂದ ಮಾಲು. ದರ ಎಷ್ಟೇ ಇಳಿದಿದ್ದರೂ ಬೇಡ. ದಂಟಿನ ಕೊಯ್ದ ತುದಿ ಬಿಳಿಯಾಗಿ ತೇವವಾಗಿರಬೇಕು, ಕಂದು ಬಣ್ಣಕ್ಕೆ ತಿರುಗಿರಬಾರದು. ಬೇರು ಸಮೇತ ಕಿತ್ತ ಕೊತ್ತಂಬರಿ, ಮೆಂತ್ಯ ಕೊಯ್ದದ್ದಕ್ಕಿಂತ ಹೆಚ್ಚು ಹೊತ್ತು ತಡೆಯುತ್ತದೆ. ಬೇರಿನ ಮಣ್ಣು ಮಾತ್ರ ಎಲೆಗೆ ತಾಗದ ಹಾಗೆ ನೋಡಿಕೊಳ್ಳಬೇಕು.

ಜಾಗಕ್ಕೆ ಬಂದ ಕೂಡಲೇ ಮೂಟೆ ಬಿಚ್ಚಿ, ಕಟ್ಟಿನ ದಾರ ಸಡಿಲಿಸಿ, ಒಂದೊಂದನ್ನೂ ಒಮ್ಮೆ ಕೊಡವಿ. ಇದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ, ಬೋಣಿಯ ಆತುರದಲ್ಲಿ ಬಿಟ್ಟುಹೋಗುವುದೂ ಇದೇ. ಆಮೇಲೆ ಅಗಲ ಬಾಯಿಯ ತೊಟ್ಟಿಯಲ್ಲಿ ಎರಡು ಬೆರಳು ಆಳ, ಅಂದರೆ 2–3 ಸೆಂ.ಮೀ. ನೀರು ಹಾಕಿ ದಂಟು ಕೆಳಗಾಗಿ ನಿಲ್ಲಿಸಿ. ಪುದೀನ, ಕೊತ್ತಂಬರಿ, ಸಬ್ಬಸಿಗೆ ಹೀಗೆ ನಿಂತರೆ ದಂಟಿನಿಂದ ನೀರು ಹೀರಿಕೊಂಡು ತಲೆ ಎತ್ತುತ್ತವೆ. ಮಧ್ಯಾಹ್ನದೊಳಗೆ ಒಮ್ಮೆ ಆ ನೀರು ಚೆಲ್ಲಿ ಬೇರೆ ಹಾಕಬೇಕು. ಒಂದು ಕೊಳೆತ ಕಟ್ಟು ಅದ್ದಿದ ಬಕೆಟ್ಟಿನಲ್ಲೇ ಉಳಿದವನ್ನೂ ಅದ್ದಿದರೆ ಎಲ್ಲಕ್ಕೂ ಹತ್ತುತ್ತದೆ.

ಚಿಮುಕಿಸುವ ನೀರು ಗೋಣಿಚೀಲಕ್ಕೆ ಹೋಗಲಿ, ಎಲೆಗಲ್ಲ. ಮಂಕರಿಯ ತಳಕ್ಕೆ ಒಂದು ಒದ್ದೆ ಗೋಣಿ, ಮೇಲೆ ಹಿಂಡಿದ ಒದ್ದೆ ಗೋಣಿ, ನೀರು ತೊಟ್ಟಿಕ್ಕಬಾರದು. ಪಾಲಕ್, ದಂಟು, ಕೀರೆ ಎಲೆಯ ಮೇಲೆ ನಾಲ್ಕು ಹನಿ ಬಿದ್ದರೂ ತಡೆದುಕೊಳ್ಳುತ್ತವೆ. ಮೆಂತ್ಯ ತಡೆಯುವುದಿಲ್ಲ, ಒದ್ದೆಯಲ್ಲಿ ಒತ್ತಿಟ್ಟರೆ ಎಲೆ ಕಪ್ಪಾಗುತ್ತದೆ. ಪ್ಲಾಸ್ಟಿಕ್ ಹಾಳೆ ಹೊದಿಸುವುದು ಬೇಡವೇ ಬೇಡ. ಅದರೊಳಗೆ ಬೆವರಿಳಿದು ಒಂದು ಗಂಟೆಯಲ್ಲಿ ಕೆಲಸ ಕೆಡುತ್ತದೆ.

ಪಕ್ಕದಲ್ಲಿ ಏನಿಟ್ಟಿದ್ದೀರಿ ಎನ್ನುವುದೂ ಮುಖ್ಯ. ಮಾಗಿದ ಟೊಮೆಟೊ, ಬಾಳೆ, ಮಾವು ಎಥಿಲೀನ್ ಎಂಬ ಅನಿಲ ಬಿಡುತ್ತವೆ, ಅದು ತಗುಲಿದ ಸೊಪ್ಪು ಬೇಗ ಹಳದಿಯಾಗುತ್ತದೆ. ರಾತ್ರಿ ಉಳಿದ ಕೊತ್ತಂಬರಿಯನ್ನು ಟೊಮೆಟೊ ಬಾಕ್ಸಿನ ಮೇಲೆ ಮುಚ್ಚಿಡುವ ಪದ್ಧತಿ ನಮ್ಮ ಕಡೆ ಎಲ್ಲೆಡೆ ಇದೆ. ಅದನ್ನು ಬಿಟ್ಟರೆ ಮರುದಿನದ ಮಾಲು ಅಷ್ಟಾದರೂ ಉಳಿಯುತ್ತದೆ.

ರಾತ್ರಿ ಇಡಲು ಮನೆಯಲ್ಲಿ ತಂಪುಗೂಡು ಕಟ್ಟಿಕೊಳ್ಳಬಹುದು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ವಿಧಾನವಿದು, ಕರೆಂಟು ಬೇಡ. ನೆರಳಿನಲ್ಲಿ, ಗಾಳಿಯಾಡುವ ಕಡೆ ನೆಲಕ್ಕೆ ಒಂದು ಸಾಲು ಇಟ್ಟಿಗೆ ಹಾಸಿ. ಅದರ ಮೇಲೆ ಸಿಮೆಂಟು ಹಾಕದೆ ಎರಡು ಸುತ್ತು ಇಟ್ಟಿಗೆ ಗೋಡೆ, ನಡುವೆ 7.5 ಸೆಂ.ಮೀ. ಅಂದರೆ ಮೂರು ಇಂಚು ಸಂದು. ಆ ಸಂದಿಗೆ ನೆನೆಸಿದ ಮರಳು ತುಂಬಿ. ಎತ್ತರ ಸುಮಾರು 67 ಸೆಂ.ಮೀ. ಸಾಕು. ಸಂಸ್ಥೆಯ ಅಳತೆಯಲ್ಲಿ ಉದ್ದ 165, ಅಗಲ 115 ಸೆಂ.ಮೀ., ಅದು 100 ಕೆ.ಜಿ. ತರಕಾರಿ ಹಿಡಿಯುತ್ತದೆ. ಸೊಪ್ಪಿನ ಅಜ್ಜಿಗೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಬಿದಿರು ಚೌಕಟ್ಟಿಗೆ ಗೋಣಿ ಹೊಲಿದು ಮುಚ್ಚಳ ಮಾಡಿ. ಬೆಳಿಗ್ಗೆ, ಸಂಜೆ ಮರಳಿಗೆ, ಗೋಡೆಗೆ ನೀರು ಹಾಕಬೇಕು. ಬೇಸಗೆಯಲ್ಲಿ ಒಳಗಡೆ ಹೊರಗಿಗಿಂತ 10–15 ಡಿಗ್ರಿ ತಂಪು ಇರುತ್ತದೆ, ತೇವ ಶೇ. 90ರ ಸುತ್ತಮುತ್ತ.

ಕೆಲಸ ಮಾಡಲಿಲ್ಲ ಎನ್ನುವವರು ಮರಳಿನ ಬದಲು ಜೇಡಿ ಮಣ್ಣು ತುಂಬಿರುತ್ತಾರೆ, ಅಥವಾ ಗಾಳಿ ಬಾರದ ಮೂಲೆಯಲ್ಲಿ ಕಟ್ಟಿರುತ್ತಾರೆ. ನೀರು ಆವಿಯಾದರೆ ಮಾತ್ರ ತಂಪು, ಗಾಳಿ ಇಲ್ಲದಿದ್ದರೆ ಆವಿ ಇಲ್ಲ. ಮಳೆಗಾಲದಲ್ಲಿ ಇದರ ಪ್ರಯೋಜನ ಕಡಿಮೆ. ನಮ್ಮ ಬಯಲುಸೀಮೆಯ ಒಣ ಬೇಸಗೆಗೆ ಮಾತ್ರ ಹೇಳಿ ಮಾಡಿಸಿದಂತಿದೆ.

ತಕ್ಕಡಿ ಹಿಡಿದು ತೂಗುವ ಮುದುಕರು ಮೋಸ ಮಾಡುತ್ತಾರೆ, ಎಲೆಕ್ಟ್ರಾನಿಕ್ ಯಂತ್ರವೇ ಸರಿ ಎನ್ನುತ್ತಾರೆ. ನಿಜವೇ? ಪರೀಕ್ಷಿಸುವುದು ಹೇಗೆ? (ಶಿಡ್ಲಘಟ್ಟ)

ಯಂತ್ರ ಎಂದ ಮಾತ್ರಕ್ಕೆ ಸರಿ ಅಲ್ಲ, ತಕ್ಕಡಿ ಎಂದ ಮಾತ್ರಕ್ಕೆ ಮೋಸವೂ ಅಲ್ಲ. ತಕ್ಕಡಿಯ ಪರೀಕ್ಷೆ ಸುಲಭ. ಖಾಲಿ ತಟ್ಟೆಗಳು ಸಮ ನಿಲ್ಲಬೇಕು. ಆಮೇಲೆ ಒಂದು ಕೆ.ಜಿ. ತೂಗಿಸಿಕೊಂಡು, ಬಟ್ಟನ್ನೂ ತರಕಾರಿಯನ್ನೂ ತಟ್ಟೆ ಬದಲಿಸಿ ಮತ್ತೆ ತೂಗಿಸಿ. ಆಗಲೂ ಸಮ ನಿಂತರೆ ಕೋಲಿನ ಎರಡು ತೋಳೂ ಸಮ ಇವೆ. ಒಂದು ಕಡೆ ವಾಲಿದರೆ ತೋಳಿನ ಉದ್ದದಲ್ಲಿ ವ್ಯತ್ಯಾಸ ಇದೆ, ಅಥವಾ ನಡುವಿನ ಮುಳ್ಳು ಸವೆದಿದೆ. ಸವೆತದಿಂದ ನಷ್ಟವಾಗುವುದು ಕೆಲವು ಸಲ ಮಾರುವವರಿಗೇ. ಬಟ್ಟಿನ ತಳದಲ್ಲಿ ಸೀಸದ ಗುಳಿ ಇರುತ್ತದೆ, ಅದರ ಮೇಲೆ ಇಲಾಖೆಯ ಮುದ್ರೆ. ಗುಳಿ ಖಾಲಿಯಾಗಿದ್ದರೆ ಬಟ್ಟು ಹಗುರ.

ಯಂತ್ರಕ್ಕೆ ಹಾಲಿನ ಪ್ಯಾಕೆಟ್ ಸಾಕು. ಅರ್ಧ ಲೀಟರ್ ಹಾಲು ಸುಮಾರು 515 ಗ್ರಾಂ ತೂಗುತ್ತದೆ, ಕವರಿನದು ಕೆಲವೇ ಗ್ರಾಂ. ಎರಡು ಪ್ಯಾಕೆಟ್ ಇಟ್ಟಾಗ 1 ಕೆ.ಜಿ. 30–40 ಗ್ರಾಂ ಹತ್ತಿರ ತೋರಿಸಬೇಕು. ತಟ್ಟೆಯ ನಾಲ್ಕು ಮೂಲೆಗೂ ಸರಿಸಿ ನೋಡಿ, ಮೂಲೆ ಬದಲಾದಂತೆ ಅಂಕಿ ಬದಲಾದರೆ ಒಳಗಿನ ಸೆನ್ಸರ್ ಕೆಟ್ಟಿದೆ ಅಥವಾ ಯಂತ್ರ ಮಟ್ಟದಲ್ಲಿ ಕೂತಿಲ್ಲ. ಬ್ಯಾಟರಿ ಇಳಿದಾಗಲೂ ಅಂಕಿ ತೇಲಾಡುತ್ತದೆ. ತರಕಾರಿ ಹಾಕುವ ಮುನ್ನ ಸೊನ್ನೆ ಇದೆಯೇ ಎಂದು ನೋಡುವುದು ಎಲ್ಲರಿಗೂ ಗೊತ್ತು. ಬುಟ್ಟಿ ಇಟ್ಟು ಸೊನ್ನೆ ಮಾಡಿದ್ದಾರೆಯೇ ಎಂದೂ ನೋಡಿ.

ಬಟ್ಟು, ತಕ್ಕಡಿಗೆ 24 ತಿಂಗಳಿಗೊಮ್ಮೆ, ಎಲೆಕ್ಟ್ರಾನಿಕ್ ಯಂತ್ರಕ್ಕೆ 12 ತಿಂಗಳಿಗೊಮ್ಮೆ ಕಾನೂನು ಮಾಪನ ಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಬೇಕು. ವಯಸ್ಸಾದವರಿಗೆ ಯಂತ್ರ ಕೊಡಿಸುವ ಮಕ್ಕಳು ಈ ವರ್ಷಾವರ್ಷದ ಖರ್ಚು, ಓಡಾಟ ನೆನಪಿಡಬೇಕು. ಸೊಪ್ಪನ್ನಷ್ಟೇ ಮಾರುವವರಿಗೆ ಯಂತ್ರವೇ ಬೇಡ, ಕಟ್ಟಿನ ಎಣಿಕೆ ಸಾಕು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆಯನ್ನು ಪಾವು, ಸೇರಿನ ಲೆಕ್ಕದಲ್ಲಿ ಅಳೆದು ಕೊಡುವ ರೂಢಿ ಇನ್ನೂ ಇದೆ. ಈ ಅಳತೆಗಳಿಗೆ ಕಾನೂನಿನ ಮಾನ್ಯತೆ ಇಲ್ಲ, ತಕರಾರು ಬಂದರೆ ಅಜ್ಜಿಯೇ ಸಿಕ್ಕಿಬೀಳುತ್ತಾರೆ. ಗ್ರಾಂ ಲೆಕ್ಕದಲ್ಲಿ ತೂಗಿ ಕೊಟ್ಟು, ಕೊಸರು ಬೇಕಾದರೆ ಒಂದು ಹಿಡಿ ಮೇಲೆ ಹಾಕಲಿ.

ಅತ್ತೆ ದಿನಾ ಬೆಳಿಗ್ಗೆ 900 ರೂಪಾಯಿ ತಗೊಂಡು ಸಂಜೆ 1,000 ಕೊಡುತ್ತಾರೆ. ಬೇಡ ಎಂದರೆ ‘ನೂರು ರೂಪಾಯಿ ತಾನೇ’ ಎನ್ನುತ್ತಾರೆ. ಬ್ಯಾಂಕಿಗೆ ಹೋಗಲು ಹೆದರಿಕೆ. (ಮುಳಬಾಗಿಲು)

ಲೆಕ್ಕ ಕಾಗದದ ಮೇಲೆ ಹಾಕಿ ತೋರಿಸಿ. ಉದಾಹರಣೆಗೆ 120 ಕಟ್ಟು, ತಲಾ 6 ರೂ.ನಂತೆ 720. ಆಟೊ, ನೆಲವಳಿ ಸೇರಿ 80. ಒಟ್ಟು 800. ಅದರಲ್ಲಿ 100 ಕಟ್ಟು 10 ರೂ.ಗೆ ಹೋದವು, 10 ಕಟ್ಟು ಸಂಜೆ 5 ರೂ.ಗೆ, 10 ಕೊಳೆತವು. ಬಂದದ್ದು 1,050. ಉಳಿದದ್ದು 250. ಅದರಲ್ಲಿ ಬಡ್ಡಿಗೇ 100 ಹೋದರೆ ಹತ್ತು ಹನ್ನೆರಡು ಗಂಟೆ ಕೂತವರ ಕೈಗೆ 150. ಗಿರಾಕಿಗಳು 48 ಕಟ್ಟನ್ನು ಮೂರಕ್ಕೆ 25 ರೂ.ನಂತೆ ಚೌಕಾಸಿ ಮಾಡಿ ಒಯ್ದರೆ ಇನ್ನೊಂದು 80 ಹೋಯಿತು, 70 ಉಳಿಯಿತು. ಸೊಪ್ಪಿನ ಅಜ್ಜಿಯ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುವವರೂ ಈ ಲೆಕ್ಕವನ್ನು ಒಮ್ಮೆ ಓದಲಿ ಎಂಬುದು ನಮ್ಮ ಆಸೆ.

ತಿಂಗಳಲ್ಲಿ 25 ದಿನ ಕೂತರೆ 900 ರೂಪಾಯಿಗೆ 2,500 ಬಡ್ಡಿ. ಇದಕ್ಕೆ ಪರ್ಯಾಯ ಬೀದಿ ವ್ಯಾಪಾರಿಗಳಿಗೆಂದೇ ಇರುವ ಕೇಂದ್ರ ಸರ್ಕಾರದ ಪಿಎಂ ಸ್ವನಿಧಿ ಸಾಲ. 2020ರ ಜೂನ್‌ನಲ್ಲಿ ಶುರುವಾದಾಗ ಮೊದಲ ಕಂತಿನ ಸಾಲ 10,000 ಇತ್ತು. 2025ರ ಆಗಸ್ಟ್‌ನಲ್ಲಿ ಯೋಜನೆಯನ್ನು 2030ರ ಮಾರ್ಚ್ ತನಕ ಮುಂದುವರಿಸಿ ಮೊದಲ ಸಾಲ 15,000, ಎರಡನೆಯದು 25,000, ಮೂರನೆಯದು 50,000 ಎಂದು ಮಾಡಿದರು. ಒತ್ತೆ ಇಡಬೇಕಾಗಿಲ್ಲ. ಸಕಾಲಕ್ಕೆ ಕಟ್ಟಿದರೆ ವಾರ್ಷಿಕ ಶೇ. 7ರ ಬಡ್ಡಿ ಸಹಾಯಧನ ಖಾತೆಗೆ ಬರುತ್ತದೆ. ಬ್ಯಾಂಕಿನ ಬಡ್ಡಿ ಶೇ. 12 ಎಂದುಕೊಳ್ಳಿ, 15,000ಕ್ಕೆ 12 ತಿಂಗಳ ಕಂತು ಸುಮಾರು 1,333. ಇಡೀ ವರ್ಷದ ಬಡ್ಡಿ ಸಾವಿರದೊಳಗೆ. ನಿಮ್ಮ ಅತ್ತೆ ಅಷ್ಟನ್ನು ಹತ್ತು ದಿನದಲ್ಲಿ ಕಟ್ಟುತ್ತಿದ್ದಾರೆ.

ಬೇಕಾದದ್ದು ವ್ಯಾಪಾರ ಪ್ರಮಾಣಪತ್ರ ಅಥವಾ ಗುರುತಿನ ಚೀಟಿ. ಎರಡೂ ಇಲ್ಲದಿದ್ದರೆ ನಗರಸಭೆಯಿಂದ ಶಿಫಾರಸು ಪತ್ರ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಚಾಲ್ತಿಯಲ್ಲಿರಬೇಕು, ಅರ್ಜಿ ನಿಲ್ಲುವುದು ಹೆಚ್ಚಾಗಿ ಇಲ್ಲೇ. ಮಗನ ಹಳೇ ಸಿಮ್ಮು ಜೋಡಿಸಿರುತ್ತದೆ, ಅದು ಎಂದೋ ಬಂದ್ ಆಗಿರುತ್ತದೆ. ಸೊಪ್ಪಿನ ನೀರಿನಲ್ಲಿ ಸವೆದ ಬೆರಳಿನ ಗುರುತು ಯಂತ್ರಕ್ಕೆ ಹತ್ತದಿದ್ದರೆ ಕಣ್ಣಿನ ಪಾಪೆ ಅಥವಾ ಒಟಿಪಿ ಮೂಲಕ ಮಾಡಿ ಎಂದು ಕೇಳಿ.

ಸಾಲ ಬಂದ ಮೇಲೆ ಕೆಡುವುದು ಹೇಗೆ ಎನ್ನುವುದನ್ನೂ ಹೇಳಬೇಕು. ಸೊಪ್ಪಿನ ವ್ಯಾಪಾರಕ್ಕೆ ದಿನಕ್ಕೆ ಸಾವಿರ ಸಾಕು, ಉಳಿದ ಹದಿಮೂರು ಹದಿನಾಲ್ಕು ಸಾವಿರ ಮನೆಯ ಖರ್ಚಿನಲ್ಲಿ ಕರಗುತ್ತದೆ, ಎರಡನೇ ತಿಂಗಳಿಗೆ ಅತ್ತೆ ಮತ್ತೆ ಮೀಟರ್ ಬಡ್ಡಿಯವರ ಹತ್ತಿರ. ಮೂರು ದಿನದ ಮಾಲಿನ ದುಡ್ಡನ್ನು ಬೇರೆ ಚೀಲದಲ್ಲಿಟ್ಟು, ಉಳಿದದ್ದನ್ನು ಖಾತೆಯಲ್ಲೇ ಬಿಡಿ. ದಿನಕ್ಕೆ 55 ರೂ. ಪಿಗ್ಮಿ ಕಟ್ಟಿಸಿ. 25 ದಿನಕ್ಕೆ 1,375 ಆಗುತ್ತದೆ, ಕಂತಿಗೆ ಸಾಕು. ದಿನಾ ಸಂಜೆ ನೂರು ಕೊಟ್ಟು ರೂಢಿಯಾದ ಕೈಗೆ 55 ಭಾರವಲ್ಲ.

ಕಪ್ಪು ಬಟ್ಟೆಯ ಜಾಲರು ಇಳಿಬಿಟ್ಟ ಬಿದಿರಿನ ಟೋಪಿ ಹಾಕಿ ತರಕಾರಿ ಮಾರುವ ಚೀನೀ ಅಜ್ಜಿಯರ ಚಿತ್ರ ನೋಡಿದೆ. ‘ಹಕ್ಕಾ’ ಅಜ್ಜಿಯರು ಎಂದು ಬರೆದಿತ್ತು. ನಾವು ತಿನ್ನುವ ಹಕ್ಕಾ ನೂಡಲ್ಸ್‌ಗೂ ಅವರಿಗೂ ಸಂಬಂಧವೇ? (ಚಿಕ್ಕಬಳ್ಳಾಪುರ)

ಹಕ್ಕಾ ಜನ ಶತಮಾನಗಳ ಹಿಂದೆ ಉತ್ತರ ಚೀನಾದಿಂದ ಹಂತ ಹಂತವಾಗಿ ದಕ್ಷಿಣಕ್ಕೆ ಬಂದವರು. ಗುವಾಂಗ್‌ಡಾಂಗ್ ಪ್ರಾಂತ್ಯದ ಮೇಝೌ ಅವರ ದೊಡ್ಡ ನೆಲೆ. ಫುಜಿಯನ್, ಜಿಯಾಂಗ್ಶಿ, ತೈವಾನ್, ಹಾಂಗ್‌ಕಾಂಗಿನ ಹಳ್ಳಿಗಳಲ್ಲೂ ಇದ್ದಾರೆ. ತಡವಾಗಿ ಬಂದವರಿಗೆ ಸಿಕ್ಕಿದ್ದು ಗುಡ್ಡದ ನೆಲ. ಗಂಡಸರು ದುಡಿಮೆ ಹುಡುಕಿ ದೂರ ದೇಶಕ್ಕೆ ಹೋದರು, ಹೊಲ, ಹೊರೆ, ಸಂತೆ ಹೆಂಗಸರ ಪಾಲಿಗೆ ಬಂತು. ಚೀನಾದ ಬೇರೆ ಕಡೆ ಹೆಣ್ಣುಮಕ್ಕಳ ಪಾದ ಕಟ್ಟಿ ಕುಗ್ಗಿಸುವ ಪದ್ಧತಿ ಇದ್ದಾಗಲೂ ಹಕ್ಕಾ ಹೆಂಗಸರು ಅದನ್ನು ಪಾಲಿಸಲಿಲ್ಲ. ಗದ್ದೆಗಿಳಿದು ದುಡಿಯುವವರಿಗೆ ಅದು ಸಾಧ್ಯವೂ ಇರಲಿಲ್ಲ.

ಆ ಟೋಪಿ ಬಿದಿರಿನಿಂದ ಹೆಣೆದ ಚಪ್ಪಟೆ ತಟ್ಟೆ. ನಡುವೆ ತಲೆ ತೂರುವಷ್ಟು ತೂತು, ಅಂಚಿನ ಸುತ್ತ ನೆರಿಗೆ ಹಿಡಿದ ಕಪ್ಪು ಅಥವಾ ನೀಲಿ ಬಟ್ಟೆ. ಬಟ್ಟೆ ಬಿಸಿಲನ್ನೂ ನೊಣವನ್ನೂ ತಡೆಯುತ್ತದೆ, ತೂತಿನಿಂದ ನೆತ್ತಿಗೆ ಗಾಳಿ ಆಡುತ್ತದೆ. ಮಾಲು ತರುವುದು ಹೆಗಲ ಮೇಲಿನ ಬಿದಿರ ಅಡ್ಡೆಯ ಎರಡು ತುದಿಗೆ ಬುಟ್ಟಿ ತೂಗುಹಾಕಿ. ಹೆಚ್ಚಾದ ಸಾಸಿವೆ ಸೊಪ್ಪನ್ನು ಬಿಸಿಲಲ್ಲಿ ಬಾಡಿಸಿ, ಉಪ್ಪು ತಿಕ್ಕಿ, ಜಾಡಿಯಲ್ಲಿ ಒತ್ತಿಟ್ಟು ತಿಂಗಳುಗಟ್ಟಲೆ ಉಳಿಸುವ ವಿದ್ಯೆ ಅವರದು. ನಮ್ಮಲ್ಲಿ ಮಿಕ್ಕ ಮೆಂತ್ಯ, ಕರಿಬೇವನ್ನು ನೆರಳಲ್ಲಿ ಒಣಗಿಸಿ ಮಾರುವವರೂ ಕಡಿಮೆ. ಸೊಪ್ಪಿನ ವ್ಯಾಪಾರಿಗಳು ಕಲಿಯಬೇಕಾದದ್ದು ಇದೇ ಎಂದು ನಮಗೆ ಅನಿಸುತ್ತದೆ. ಹಾಂಗ್‌ಕಾಂಗಿನಲ್ಲಿ 1970ರ ದಶಕದಿಂದ ಬೀದಿ ವ್ಯಾಪಾರದ ಹೊಸ ಪರವಾನಗಿ ಕೊಡುವುದನ್ನು ಬಹುಮಟ್ಟಿಗೆ ನಿಲ್ಲಿಸಿದ್ದಾರೆ. ಅಲ್ಲಿಯ ಬೀದಿಗಳಲ್ಲಿ ಉಳಿದ ಮುಖಗಳು ವಯಸ್ಸಾದವರದೇ ಆಗಿರುವುದಕ್ಕೆ ಅದೂ ಒಂದು ಕಾರಣ.

ಭಾರತದ ನಂಟು ಕೋಲ್ಕತ್ತದ್ದು. ಅಲ್ಲಿಗೆ ಬಂದ ಹಕ್ಕಾ ಮನೆತನಗಳು ಟ್ಯಾಂಗ್ರಾದಲ್ಲಿ ಚರ್ಮ ಹದ ಮಾಡುವ ಕೆಲಸ ನಡೆಸುತ್ತಿದ್ದವು. 1996ರಲ್ಲಿ ಸುಪ್ರೀಂ ಕೋರ್ಟ್ ಆ ಕಾರ್ಖಾನೆಗಳನ್ನು ಊರಾಚೆಗೆ ಸಾಗಿಸಲು ಆದೇಶಿಸಿತು. ಟ್ಯಾಂಗ್ರಾ ಇವತ್ತು ಹೋಟೆಲುಗಳಿಗೆ ಹೆಸರುವಾಸಿ. ಟಿರೆಟ್ಟಾ ಬಜಾರಿನಲ್ಲಿ ಬೆಳಗಿನ ಹೊತ್ತು ಚೀನೀ ತಿಂಡಿಯ ಬೀದಿ ವ್ಯಾಪಾರ ಈಗಲೂ ಇದೆ. ನೂಡಲ್ಸ್‌ಗೆ ಹೆಸರು ಬಂದದ್ದು ಈ ಜನರಿಂದ. ಬಾಣಲೆಗೆ ಬೀಳುವ ಕ್ಯಾಪ್ಸಿಕಂ, ಕೋಸು ನಮ್ಮ ನಿಮ್ಮ ಊರಿನವು.

ಮಳೆ ಬಿದ್ದ ಮೇಲೆ ಬೆರಕೆ ಸೊಪ್ಪು ಮಾರುವ ಅಜ್ಜಿಯರು ಬರುತ್ತಾರೆ. ಅದರಲ್ಲಿ ಏನೇನಿರುತ್ತದೆ, ನಂಬಿ ತಿನ್ನಬಹುದೇ? (ಶ್ರೀನಿವಾಸಪುರ)

ಅಣ್ಣೆ, ಹೊನಗೊನ್ನೆ, ಗೋಣಿ, ಕಿರಕೀರೆ, ಎಳೆ ತಗಚೆ, ಕನ್ನೆ, ಗಣಿಕೆ, ಕುಂಬಳದ ಕುಡಿ. ಹೊಲದ ಬದಿಯಲ್ಲಿ ಆ ವಾರ ಏನು ಚಿಗುರಿತೋ ಅದೆಲ್ಲ. ಒಂದೊಂದರ ಹೆಸರೂ ಅಜ್ಜಿಗೆ ಗೊತ್ತು, ಕೇಳಿ ಬಿಡಿಸಿಕೊಳ್ಳಿ. ತೊಗರಿಬೇಳೆಯ ಜೊತೆ ಬೇಯಿಸಿ ಮಸ್ಸೊಪ್ಪು ಮಾಡಿದರೆ ಒಂದು ಸೊಪ್ಪಿನದಕ್ಕೆ ಬಾರದ ರುಚಿ ಬರುತ್ತದೆ. ತಗಚೆ ಹೆಚ್ಚಾದರೆ ವಾಸನೆ ಎದ್ದು ಕಾಣುತ್ತದೆ, ಹಿಡಿಯೊಳಗೆ ಇರಲಿ. ಗಣಿಕೆಯ ಹಸಿರು ಕಾಯನ್ನು ಕಿತ್ತು ಬಿಸಾಡಿ, ಅದರಲ್ಲಿ ವಿಷದ ಅಂಶ ಇರುತ್ತದೆ. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ಗೋಣಿ, ಕೀರೆ ಜಾತಿಯನ್ನು ಕಡಿಮೆ ತಿನ್ನಬೇಕು, ಅವುಗಳಲ್ಲಿ ಆಕ್ಸಲೇಟ್ ಹೆಚ್ಚು.

ಈಗಿನ ನಿಜವಾದ ಅಪಾಯ ಕಳೆನಾಶಕ. ಟೊಮೆಟೊ ತೋಟದ ಬದುಗಳಿಗೆ ಅದನ್ನು ಹೊಡೆದು ಎರಡು ಮೂರು ದಿನದವರೆಗೂ ಗಿಡ ಹಸಿರಾಗೇ ಕಾಣಬಹುದು. ಚಿಗುರು ಮಾತ್ರ ಹಳದಿ ತಿರುಗಿ ಮುರುಟಿರುವ ಸೊಪ್ಪನ್ನು ಬಿಟ್ಟುಬಿಡಿ. ಯಾರ ಹೊಲದ್ದು, ಮದ್ದು ಹೊಡೆಯುತ್ತಾರಾ ಎಂದು ಅಜ್ಜಿಯನ್ನು ಕೇಳುವುದರಲ್ಲಿ ಸಂಕೋಚ ಬೇಡ, ಬಿಡಿಸಿ ತರುವವರಿಗೂ ಅದು ಮುಟ್ಟಬಾರದ ವಿಷ. ಮನೆಗೆ ತಂದ ಮೇಲೆ ದೊಡ್ಡ ಪಾತ್ರೆಯ ನೀರಿನಲ್ಲಿ ಅದ್ದಿ, ಸೊಪ್ಪನ್ನು ಮೇಲೆತ್ತಿ, ನೀರು ಚೆಲ್ಲಿ. ಮೂರು ಸಲ. ಸೊಪ್ಪು ಒಳಗಿರುವಾಗಲೇ ಪಾತ್ರೆ ಬಗ್ಗಿಸಿದರೆ ತಳದ ಮರಳು ಮತ್ತೆ ಎಲೆಗೆ ಹತ್ತುತ್ತದೆ.

ಅಜ್ಜಿಗೆ ಕ್ಯೂಆರ್ ಚೀಟಿ ಹಾಕಿಸಿದ್ದೇವೆ. ಹಣ ಹಾಕಿದೆ ಎಂದು ಫೋನ್ ತೋರಿಸಿ ಹೋಗುತ್ತಾರೆ, ಖಾತೆ ನೋಡಿದರೆ ಬಂದಿರುವುದಿಲ್ಲ. (ಮಾಲೂರು)

ಗಿರಾಕಿಯ ಫೋನ್ ನೋಡುವುದನ್ನು ನಿಲ್ಲಿಸಿ. ಹಳೇ ಸ್ಕ್ರೀನ್‌ಶಾಟ್ ತೋರಿಸುವವರೂ ಇದ್ದಾರೆ. ಮೊತ್ತವನ್ನು ಕನ್ನಡದಲ್ಲಿ ಕೂಗಿ ಹೇಳುವ ಪೆಟ್ಟಿಗೆ ಹಾಕಿಸಿ, ತಿಂಗಳ ಬಾಡಿಗೆ ಎಷ್ಟು, ಎಂದಿನಿಂದ ಎಂದು ಮೊದಲೇ ಕೇಳಿ. ಪೆಟ್ಟಿಗೆ ಮಾತಾಡಿದ ಮೇಲೆ ಸೊಪ್ಪು ಚೀಲಕ್ಕೆ. ಚೀಟಿ ಯಾರ ಖಾತೆಯದು ಎಂದೂ ನೋಡಿ. ಮೊಮ್ಮಗನ ಖಾತೆಗೆ ಹೋದರೆ ಮರುದಿನ ನಸುಕಿನ ಹರಾಜಿಗೆ ಅಜ್ಜಿಯ ಕೈಯಲ್ಲಿ ನಗದು ಇರುವುದಿಲ್ಲ, ಸ್ವನಿಧಿ ಸಾಲದ ಎರಡನೇ ಹಂತಕ್ಕೆ ಅವರ ಹೆಸರಲ್ಲಿ ವಹಿವಾಟಿನ ದಾಖಲೆಯೂ ಇರುವುದಿಲ್ಲ. ಅಜ್ಜಿಯ ಸ್ವಂತ ಖಾತೆಗೇ ಬದಲಿಸಿಕೊಳ್ಳಿ. ಸಂಜೆ ಎದ್ದು ಹೋಗುವಾಗ ಚೀಟಿಯನ್ನು ಮಂಕರಿಯೊಳಗಿಟ್ಟು ಮನೆಗೆ ಒಯ್ಯಲಿ. ಕಂಬಕ್ಕೆ ಅಂಟಿಸಿ ಬಿಟ್ಟರೆ ರಾತ್ರಿ ಅದರ ಮೇಲೆ ಬೇರೆಯವರ ಚೀಟಿ ಅಂಟಿಸಿ ಹೋಗುವ ಮೋಸವೂ ಉಂಟು. ಬೆಳಿಗ್ಗೆ ಬೋಣಿಗೆ ಮುಂಚೆ ಮನೆಯವರೇ ಒಂದು ರೂಪಾಯಿ ಹಾಕಿ ಪೆಟ್ಟಿಗೆ ಕೂಗುತ್ತದೆಯೇ ಎಂದು ನೋಡಿದರೆ ಎರಡೂ ಪರೀಕ್ಷೆ ಒಟ್ಟಿಗೆ ಆಗುತ್ತದೆ.